ದೋಣಿಯ ಸಬ್‌ವೂಫರ್ ಮತ್ತು ಶಬ್ದದ ಒಡೆತನ

ಸಬ್‌ವೂಫರ್ ಎಂದರೆ ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ಮಂದ್ರ ಸದ್ದನ್ನು ಹೊರಡಿಸುವ ದೊಡ್ಡ ಸ್ಪೀಕರ್. ಪೆಟ್ಟಿಗೆಯಿಲ್ಲದೆ ಅದು ಕೆಲಸಕ್ಕೆ ಬಾರದು. ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂಬದಿಯ ಗಾಳಿ ಸಡಿಲಗೊಳ್ಳುತ್ತದೆ. ಈ ಒತ್ತಡವೂ ಸಡಿಲಿಕೆಯೂ ಕೋನಿನ ಅಂಚನ್ನು ಸುತ್ತಿ ಬಂದು ಒಂದಕ್ಕೊಂದು ಕೂಡಿದರೆ ಎರಡೂ ಅಳಿದುಹೋಗುತ್ತವೆ. ಬರಿ ಸ್ಪೀಕರನ್ನು ಮೇಜಿನ ಮೇಲಿಟ್ಟು ನುಡಿಸಿದರೆ ಕೋನ್ ಒಂದಂಗುಲ ಹಿಂದೆ ಮುಂದೆ ಓಡಾಡುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಮಾತ್ರ ಬೇಸ್ ದಕ್ಕುವುದಿಲ್ಲ. ಪೆಟ್ಟಿಗೆಯ ಕೆಲಸ ಹಿಂಬದಿಯ ಸದ್ದನ್ನು ಹೊರಬಿಡದೆ ತಡೆಯುವುದು. ಅದು ತಾನಾಗಿ ಸದ್ದು ಮಾಡುವುದಿಲ್ಲ. ಸದ್ದಿನ ಅರ್ಧವನ್ನು ಅಡಗಿಸಿ ಇನ್ನರ್ಧ ಕೇಳುವಂತೆ ಮಾಡುತ್ತದೆ.

ಹೀಗೆ ಅಡಗಿಸಿಟ್ಟದ್ದು ಯಾವುದು ಎಂಬುದು ಬಡಗಿಯ ಪ್ರಶ್ನೆಯಷ್ಟೇ ಅಲ್ಲ. ಶಬ್ದ ಎಲ್ಲಿ ನೆಲೆಸುತ್ತದೆ, ಅದನ್ನು ಒಂದೆಡೆ ಹಿಡಿದಿಡಬಹುದೇ, ಹಿಡಿದಿಡಲಾಗದಿದ್ದರೆ ಅದನ್ನು ಯಾರಾದರೂ ತನ್ನದು ಎನ್ನಬಹುದೇ ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿವೆ. ಮನೆಯಲ್ಲಿ ಗೋಡೆಗಳಿವೆ, ಕಾರಿಗೆ ಗಾಜುಗಳಿವೆ. ಅಲ್ಲಿ ಈ ಪ್ರಶ್ನೆ ಮರೆಯಲ್ಲೇ ಉಳಿಯುತ್ತದೆ. ತೆರೆದ ನೀರಿನ ಮೇಲೆ ತೇಲುವ ದೋಣಿಯಲ್ಲಿ ಅದನ್ನು ಮರೆಮಾಡಲು ಏನೂ ಇಲ್ಲ. ಆದ್ದರಿಂದ ಪೆಟ್ಟಿಗೆ ಕಟ್ಟುವ ಕ್ರಮವನ್ನೂ ಈ ಪ್ರಶ್ನೆಯನ್ನೂ ಜೊತೆಯಾಗಿಯೇ ನೋಡಬೇಕಾಗುತ್ತದೆ.

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಲ್ಲ ಕಡೆ ಮುಚ್ಚಿದ್ದು ಒಂದು, ಒಂದು ಕೊಳವೆಯ ಮೂಲಕ ಹೊರಗಿನ ಗಾಳಿಗೆ ತೆರೆದಿರುವುದು ಇನ್ನೊಂದು. ಕೊಳವೆಯ ಪೆಟ್ಟಿಗೆಯ ಪೇಟೆಂಟು ಅಮೆರಿಕದ ಆಲ್ಬರ್ಟ್ ಥುರಾಸ್ ಹೆಸರಿನಲ್ಲಿ 1932ರಲ್ಲಿ ಆಯಿತು. ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಳ್ಳುವ ವಿಧಾನವನ್ನು 1954ರಲ್ಲಿ ಎಡ್ಗರ್ ವಿಲ್ಚರ್ ಬಳಕೆಗೆ ತಂದರು. ಅದಕ್ಕೂ ಮುಂಚೆ ಒಳ್ಳೆಯ ಬೇಸ್ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಬರೆದ ಪ್ರಬಂಧಗಳಿಂದ ಪೆಟ್ಟಿಗೆಯ ಅಳತೆ ಊಹೆಯ ವಿಷಯವಾಗಿ ಉಳಿಯಲಿಲ್ಲ. ಸ್ಪೀಕರಿನ ಕೆಲವೇ ಅಂಕಿಗಳಿಂದ ಅದಕ್ಕೆ ಎಷ್ಟು ಲೀಟರ್ ಗಾಳಿ ಬೇಕೆಂದು ಈಗ ಲೆಕ್ಕ ಹಾಕಬಹುದು. ದೋಣಿಗೆ ಸಾಮಾನ್ಯವಾಗಿ ಮುಚ್ಚಿದ ಪೆಟ್ಟಿಗೆಯೇ ಮೇಲು. ಅಲೆ ಎರಚಿದ ನೀರು ಒಳಗೆ ನುಗ್ಗಲು ಅದರಲ್ಲಿ ಕೊಳವೆಯ ಬಾಯಿ ಇಲ್ಲ, ಮತ್ತು ಅದು ಕಡಿಮೆ ಜಾಗದಲ್ಲಿ ಕೂರುತ್ತದೆ.

ಹತ್ತು ಅಂಗುಲದ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯಾದರೆ ಸಾಮಾನ್ಯವಾಗಿ 17ರಿಂದ 28 ಲೀಟರ್ ಸಾಕು. ಒಳಗಿನ ಅಳತೆ 40, 30, 20 ಸೆಂಟಿಮೀಟರ್ ಇದ್ದರೆ 24 ಲೀಟರ್ ಆಗುತ್ತದೆ. ಅದರಲ್ಲಿ ಸ್ಪೀಕರಿನ ಬೆನ್ನುಭಾಗ ಒಂದೆರಡು ಲೀಟರ್ ತಿನ್ನುತ್ತದೆ. ಮನೆಯ ಸ್ಪೀಕರುಗಳಿಗೆ ಬಳಸುವ ಎಂಡಿಎಫ್ ಹಲಗೆ ಇಲ್ಲಿ ನಡೆಯದು. ತೇವ ಹೀರಿದರೆ ಅದು ಉಬ್ಬಿ ಅಂಚು ಬಿಚ್ಚಿಕೊಳ್ಳುತ್ತದೆ. ಐಎಸ್ 710 ಗುರುತಿನ 18 ಮಿಲಿಮೀಟರ್ ಮರೈನ್ ಪ್ಲೈವುಡ್ ತಕ್ಕ ಹಲಗೆ. ಕೀಲುಗಳಿಗೆ ಎಪಾಕ್ಸಿ ಅಂಟು, ಒಳಮೂಲೆಗಳಿಗೆ ಅದೇ ಅಂಟಿನ ಗಟ್ಟಿ ಪಟ್ಟಿ, ಹೊರಮೈಗೆ ಫೈಬರ್ ಬಟ್ಟೆಯ ಒಂದು ಪದರ. ಸ್ಪೀಕರಿಗಾಗಿ ಕೊರೆದ ದುಂಡು ತೂತಿನ ಅಂಚಿನಲ್ಲಿ ಪ್ಲೈವುಡ್ಡಿನ ಪದರಗಳು ಬಾಯಿ ತೆರೆದಿರುತ್ತವೆ. ನೀರು ಕುಡಿಯುವುದು ಅಲ್ಲಿಂದಲೇ. ಆ ಅಂಚಿಗೆ ಎರಡು ಮೂರು ಸಲ ಎಪಾಕ್ಸಿ ಬಳಿಯಬೇಕು. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಉಪ್ಪುನೀರಿನಲ್ಲಿ ಬೇರೆ ಕಬ್ಬಿಣ ಹೆಚ್ಚು ಕಾಲ ನಿಲ್ಲುವುದಿಲ್ಲ.

ಪೆಟ್ಟಿಗೆ ಬಿಗಿಯಾಗಿದೆಯೇ ಎಂದು ನೋಡುವ ಬಗೆ ಗಮನಿಸತಕ್ಕದ್ದು. ಸ್ಪೀಕರನ್ನು ಕೂರಿಸಿದ ಮೇಲೆ ಅಂಗೈಯನ್ನು ಕೋನಿನ ಮೇಲೆ ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತುತ್ತಾರೆ. ಒಳಗಿನ ಗಾಳಿ ಬಾಯಿ ಮುಚ್ಚಿದ ಸೈಕಲ್ ಪಂಪಿನಂತೆ ಕೈಗೆ ಎದುರು ಒತ್ತುತ್ತದೆ. ಒತ್ತಿ ಹಿಡಿದಷ್ಟು ಹೊತ್ತೂ ಆ ಎದುರೊತ್ತು ಉಳಿದರೆ ಕೀಲುಗಳು ಸರಿಯಾಗಿವೆ. ಮೊದಲು ಎದುರೊತ್ತಿ ಆಮೇಲೆ ಮೆತ್ತಗಾದರೆ ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದಿದೆ ಎಂದರ್ಥ. ಹೀಗೆ ಬಿಗಿದ ಪೆಟ್ಟಿಗೆಯ ಹೊರ ಅಳತೆ ಸುಮಾರು 34 ಲೀಟರ್, ಸ್ಪೀಕರ್ ಸೇರಿ ತೂಕ ಹದಿನೈದು ಕಿಲೋದ ಆಸುಪಾಸು. ನೀರಿಗೆ ಬಿದ್ದರೆ ಅದು ಮುಳುಗದೆ ತೇಲುತ್ತದೆ. ದೋಣಿಯೊಳಗೆ ಇಟ್ಟದ್ದು ತಾನೂ ಒಂದು ದೋಣಿ. ಎರಡೂ ತಮ್ಮೊಳಗೆ ಹಿಡಿದ ಗಾಳಿಯಿಂದಲೇ ತಮ್ಮ ಕೆಲಸ ಮಾಡುತ್ತವೆ.

ಇಲ್ಲಿ ಅದ್ವೈತದ ಘಟಾಕಾಶದ ವಿಚಾರ ಬರುತ್ತದೆ. ಗೌಡಪಾದರು ಮಾಂಡೂಕ್ಯ ಕಾರಿಕೆಯ ಮೂರನೆಯ ಪ್ರಕರಣದಲ್ಲಿ ಜೀವಾತ್ಮವನ್ನು ಮಡಕೆಯೊಳಗಿನ ಆಕಾಶಕ್ಕೆ ಹೋಲಿಸುತ್ತಾರೆ. ಮಡಕೆ ಒಡೆದರೆ ಒಳಗಿನ ಆಕಾಶ ಹೊರಗಿನದರಲ್ಲಿ ಹೊಸದಾಗಿ ಬೆರೆಯುವುದಿಲ್ಲ, ಏಕೆಂದರೆ ಅದು ಎಂದೂ ಬೇರೆಯಾಗಿರಲಿಲ್ಲ. ಒಂದು ಮಡಕೆಯ ಆಕಾಶಕ್ಕೆ ಧೂಳು ಹೊಗೆ ತಾಕಿದಂತೆ ಕಂಡರೆ ಎಲ್ಲ ಮಡಕೆಗಳ ಆಕಾಶಕ್ಕೂ ತಾಕಿತೆಂದಲ್ಲ ಎಂಬ ಮಾತೂ ಅಲ್ಲಿದೆ. ಈ ಹೋಲಿಕೆಯನ್ನು ಸ್ಪೀಕರ್ ಪೆಟ್ಟಿಗೆಗೆ ಹಚ್ಚಿ ನೋಡಿದರೆ ಒಂದು ಭೇದ ಸ್ಪಷ್ಟವಾಗುತ್ತದೆ. ಪೆಟ್ಟಿಗೆ ಹಿಡಿದಿಟ್ಟಿರುವುದು ಆಕಾಶವನ್ನಲ್ಲ, ವಾಯುವನ್ನು. ಕೈಗೆ ಎದುರೊತ್ತುವುದು ವಾಯು. ಹಲಗೆಯ ಬಿಗಿತಕ್ಕೆ ಅದು ಕಟ್ಟುಬೀಳುತ್ತದೆ, ಸಂದಿನಲ್ಲಿ ಸೋರಿಹೋಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಆಕಾಶಕ್ಕೆ ಇದಾವುದೂ ಇಲ್ಲ.

ಕುಶಲಕರ್ಮಿಗಳ ಒಂದು ರೂಢಿ ಇದನ್ನು ಇನ್ನಷ್ಟು ಬಲಪಡಿಸುತ್ತದೆ. ಪೆಟ್ಟಿಗೆಯೊಳಗೆ ದಿಂಬಿಗೆ ತುಂಬುವಂಥ ಪಾಲಿಯೆಸ್ಟರ್ ನಾರನ್ನು ಹಗುರವಾಗಿ ತುಂಬಿದರೆ ಅದು ತನ್ನ ಅಳತೆಗಿಂತ ದೊಡ್ಡದಾಗಿರುವಂತೆ ವರ್ತಿಸುತ್ತದೆ. ಗಾಳಿಯನ್ನು ಥಟ್ಟನೆ ಒತ್ತಿದಾಗ ಹುಟ್ಟುವ ಕಾವನ್ನು ನಾರಿನ ಎಳೆಗಳು ಹೀರಿಕೊಳ್ಳುತ್ತವೆ. ಹಾಗಾಗಿ ಗಾಳಿಯ ಸ್ಪ್ರಿಂಗು ಮೆತ್ತಗಾಗುತ್ತದೆ. ಜಾಗ ಒಂದಿಷ್ಟೂ ಹೆಚ್ಚಲಿಲ್ಲ, ನಾರಿನಿಂದ ಕೊಂಚ ಕಡಿಮೆಯೇ ಆಯಿತು. ಆದರೂ ಪೆಟ್ಟಿಗೆ ದೊಡ್ಡದಾಯಿತು. ಇಪ್ಪತ್ತನಾಲ್ಕು ಲೀಟರ್ ಎಂಬುದು ಗಾಳಿಯ ನಡವಳಿಕೆಯ ಲೆಕ್ಕ, ಅವಕಾಶದ ಲೆಕ್ಕವಲ್ಲ. ಇದನ್ನು ಅದ್ವೈತದ ಖಂಡನೆ ಎಂದುಕೊಳ್ಳಬೇಕಾಗಿಲ್ಲ. ಕಟ್ಟುಬೀಳುವುದು ಉಪಾಧಿಗೆ, ಅಂದರೆ ಮಡಕೆಯಂಥ ಆವರಣಕ್ಕೆ, ಒಳಗಾದ ಭೂತ, ಆಕಾಶವಲ್ಲ ಎಂಬ ಆ ಮಾತನ್ನು ಬಡಗಿಯ ಹಲಗೆ ತನ್ನ ರೀತಿಯಲ್ಲಿ ಸಮರ್ಥಿಸುತ್ತದೆ.

ಹಾಗಾದರೆ ಶಬ್ದ ಯಾವುದರ ಪಾಲಿಗೆ ಸೇರಿದ್ದು? ವೈಶೇಷಿಕರೂ ನೈಯಾಯಿಕರೂ ಗುಣಗಳನ್ನು ಭೂತಗಳಿಗೆ ಹಂಚಿಕೊಟ್ಟಾಗ ಗಂಧವನ್ನು ಪೃಥ್ವಿಗೂ ಸ್ಪರ್ಶವನ್ನು ವಾಯುವಿಗೂ ಶಬ್ದವನ್ನು ಆಕಾಶಕ್ಕೂ ವಿಶೇಷವಾಗಿ ಒಪ್ಪಿಸಿದರು. ಅವರ ಆಕಾಶ ಒಂದೇ, ಎಲ್ಲೆಡೆ ಹಬ್ಬಿದ್ದು, ನಿತ್ಯ. ಶಬ್ದ ಮಾತ್ರ ಹುಟ್ಟಿ ಅಳಿಯುತ್ತದೆ. ವೈಶೇಷಿಕ ದರ್ಶನದ ಪ್ರಶಸ್ತಪಾದರು ಶಬ್ದ ಹುಟ್ಟುವ ಮೂರು ಬಗೆಗಳನ್ನು ಹೇಳುತ್ತಾರೆ: ಕೋಲು ಭೇರಿಗೆ ತಾಗಿದಾಗಿನಂತೆ ಸಂಯೋಗದಿಂದ, ಬಿದಿರು ಸೀಳಿದಾಗಿನಂತೆ ವಿಭಾಗದಿಂದ, ಮತ್ತು ಶಬ್ದದಿಂದಲೇ. ಮೂರನೆಯದೇ ಇಲ್ಲಿ ಮುಖ್ಯ. ಮೊದಲ ಶಬ್ದ ತನ್ನ ಪಕ್ಕದಲ್ಲಿ ಎರಡನೆಯದನ್ನು ಹುಟ್ಟಿಸಿ ಅಳಿಯುತ್ತದೆ, ಎರಡನೆಯದು ಮೂರನೆಯದನ್ನು. ಕಿವಿಗೆ ಕೊನೆಗೆ ಮುಟ್ಟುವುದು ಈ ಸಂತಾನದ ಕೊನೆಯ ಕುಡಿ. ಇದನ್ನು ಬಿಡಿಸಿ ಹೇಳಲು ಅವರು ಬಳಸಿದ್ದು ನೀರಿನ ಅಲೆಯ ದೃಷ್ಟಾಂತ. 17ನೇ ಶತಮಾನದ ವಿಶ್ವನಾಥರ ಭಾಷಾಪರಿಚ್ಛೇದದ ಹೊತ್ತಿಗೆ ಅದರ ಪಕ್ಕದಲ್ಲಿ ಕದಂಬದ ಹೂವಿನ ದೃಷ್ಟಾಂತವೂ ನಿಂತಿತು. ಅಲೆ ನೀರಿನ ಮೈಮೇಲಷ್ಟೇ ಹರಡುತ್ತದೆ; ಕದಂಬದ ಚೆಂಡಿನಿಂದ ಎಸಳು ಎಲ್ಲ ದಿಕ್ಕಿಗೂ ಒಟ್ಟಿಗೆ ಚಿಮ್ಮುತ್ತದೆ. ಸಬ್‌ವೂಫರಿಗೆ ಒಪ್ಪುವುದು ಎರಡನೆಯದು. 40 ಹರ್ಟ್ಸಿನ ಸದ್ದಿನ ಒಂದು ಅಲೆಯ ಉದ್ದ ಗಾಳಿಯಲ್ಲಿ ಎಂಟೂವರೆ ಮೀಟರಿಗೂ ಹೆಚ್ಚು. ಪೆಟ್ಟಿಗೆ ಆ ಅಳತೆಗೆ ತೀರ ಸಣ್ಣದು. ಸ್ಪೀಕರಿನ ಮುಖ ಯಾವ ಕಡೆಗಿದ್ದರೂ ಬೇಸ್ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ಅದನ್ನು ಒಬ್ಬರ ಕಡೆಗೆ ತಿರುಗಿಸಿ ಇನ್ನೊಬ್ಬರಿಂದ ಮರೆಮಾಡಲು ಈ ಪೆಟ್ಟಿಗೆಗೆ ಆಗದು.

ಇದೇ ದರ್ಶನದ ಇನ್ನೊಂದು ಸಿದ್ಧಾಂತ ಇನ್ನೂ ದೂರ ಹೋಗುತ್ತದೆ. ನೈಯಾಯಿಕರ ಪ್ರಕಾರ ಕಿವಿ ಎಂಬ ಇಂದ್ರಿಯ ಬೇರೆ ಯಾವ ದ್ರವ್ಯವೂ ಅಲ್ಲ. ಕಿವಿಯ ಕುಹರದಿಂದ ಗುರುತಿಸಲ್ಪಟ್ಟ ಆಕಾಶವೇ ಅದು. ಶಬ್ದ ಆಕಾಶದ ಗುಣ, ಕೇಳುವುದೂ ಆಕಾಶವೇ. ಎರಡು ಕುಹರಗಳನ್ನು ಎದುರೆದುರು ಇಟ್ಟು ನೋಡಿದರೆ, ಒಂದು ಕಡೆ ಪ್ಲೈವುಡ್ಡಿನ ಪೆಟ್ಟಿಗೆ, ಇನ್ನೊಂದು ಕಡೆ ದಡದಲ್ಲಿ ಕೂತವನ ಕಿವಿ. ಪೆಟ್ಟಿಗೆಯಲ್ಲಿ ಬಂದಿಯಾದದ್ದು ವಾಯು. ಕಿವಿಯಲ್ಲಿ ಎಚ್ಚರವಾಗಿರುವುದು ಆಕಾಶ. ನಡುವಿನ ನೂರು ಮೀಟರ್ ಬಯಲೂ ಅದೇ ಆಕಾಶ. ಶಬ್ದಕ್ಕೆ ಆಶ್ರಯ ಕೊಟ್ಟದ್ದು ದೋಣಿಯವನದೂ ಅಲ್ಲ, ದಡದವನದೂ ಅಲ್ಲ. ದೋಣಿ ಅವನದು, ಬ್ಯಾಟರಿ ಅವನದು, ಹಾಡನ್ನು ಆರಿಸಿದ್ದೂ ಅವನೇ. ಆದರೆ ಕೋನಿನಿಂದ ಹೊರಟ ಮರುಗಳಿಗೆಯಲ್ಲಿ ಆ ಶಬ್ದ ಯಾರ ಆಸ್ತಿಯೂ ಆಗಿ ಉಳಿಯುವುದಿಲ್ಲ. ಒಡೆತನ ಅಲ್ಲಿಗೆ ಮುಗಿಯುತ್ತದೆ, ಕಾರಣತ್ವ ಮುಗಿಯುವುದಿಲ್ಲ. ದಡದ ಕಿವಿಗೆ ಮುಟ್ಟಿದ್ದು ದೋಣಿಯಲ್ಲಿ ಹುಟ್ಟಿದ ಶಬ್ದವಲ್ಲ, ಅದರ ಸಂತಾನ ಎಂದು ಸಿದ್ಧಾಂತವೇ ಹೇಳಿದರೂ ಸಂತಾನಕ್ಕೆ ಮೂಲ ಒಂದೇ. ನನ್ನ ಸದ್ದು ನನ್ನ ಹಕ್ಕು ಎಂಬ ವಾದಕ್ಕೆ ನ್ಯಾಯದರ್ಶನದಲ್ಲಿ ನೆಲೆ ಸಿಗುವುದು ಕಷ್ಟ.

ಇದಕ್ಕೆ ಎದುರಾಗಿ ಮೀಮಾಂಸಕರು ಶಬ್ದವೇ ನಿತ್ಯ ಎಂದರು. ಉಚ್ಚಾರದಿಂದ ಚದುರುವ ಗಾಳಿ ಅದನ್ನು ಹುಟ್ಟಿಸುವುದಿಲ್ಲ, ಪ್ರಕಟಿಸುತ್ತದೆ ಎಂಬುದು ಅವರ ನಿಲುವು. ವೇದದ ಪ್ರಾಮಾಣ್ಯವನ್ನು ಕಾಯಲು ಹುಟ್ಟಿದ ಆ ವಾದ ವರ್ಣಗಳಿಗೆ ಸಂಬಂಧಿಸಿದ್ದು. ಅರ್ಥವಿಲ್ಲದ ಗುಡುಗಿಗೂ ಬೇಸಿಗೂ ಅದರಿಂದ ಹೆಚ್ಚು ಸಿಗುವುದಿಲ್ಲ.

ಜೈನರ ನಿಲುವು ಹಾಗಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಶಬ್ದವನ್ನು ಪುದ್ಗಲದ, ಅಂದರೆ ಜಡದ್ರವ್ಯದ, ಪರಿಣಾಮಗಳ ಸಾಲಿಗೆ ಸೇರಿಸುತ್ತದೆ. ಗಂಗರ ಕಾಲದ ಕನ್ನಡ ನಾಡಿನೊಡನೆ ಪರಂಪರೆ ಜೋಡಿಸುವ ಪೂಜ್ಯಪಾದರು ಅದಕ್ಕೆ ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಮಾತು ಮೂರ್ತವಾದದ್ದು ಎನ್ನಲು ಕಾರಣಗಳನ್ನು ಕೊಡುತ್ತಾರೆ. ಮೂರ್ತವಾದ ಇಂದ್ರಿಯ ಅದನ್ನು ಹಿಡಿಯುತ್ತದೆ, ಗೋಡೆ ಅದನ್ನು ತಡೆಯುತ್ತದೆ, ಅದಕ್ಕೆ ಪೆಟ್ಟು ಬೀಳುತ್ತದೆ, ಬಲವಾದದ್ದು ದುರ್ಬಲವಾದದ್ದನ್ನು ಅಡಗಿಸುತ್ತದೆ. ಆಕಾಶದ ಅಮೂರ್ತ ಗುಣವೊಂದಕ್ಕೆ ಇವು ಯಾವುವೂ ಹೊಂದುವುದಿಲ್ಲ. ಇಂದಿನ ಧ್ವನಿವಿಜ್ಞಾನವನ್ನು ಪಕ್ಕದಲ್ಲಿಟ್ಟು ನೋಡಿದರೆ ಜೈನರ ಪರವಾಗಿ ಹೇಳುವುದು ಬಹಳ ಇದೆ. ಸದ್ದು ದ್ರವ್ಯವೊಂದರ ಒತ್ತಡವಾಗಿ ಸಾಗುತ್ತದೆ, ದ್ರವ್ಯವೇ ಇಲ್ಲದ ಕಡೆ ಅದಿಲ್ಲ. ಶಬ್ದಕ್ಕೆ ಪೆಟ್ಟು ಕೊಡುವ ಶಕ್ತಿ ಇದೆ ಎಂದು ಒಪ್ಪಿದ ಮೇಲೆ ಅದು ಅಹಿಂಸೆಯ ವಿಷಯವೂ ಆಗುತ್ತದೆ.

ಬಲವಾದ ಸದ್ದು ದುರ್ಬಲವಾದದ್ದನ್ನು ಅಡಗಿಸುತ್ತದೆ ಎಂಬ ಮಾತಿಗೆ ನೀರಿನ ಮೇಲೆ ಪ್ರಾಣದ ಬೆಲೆಯಿದೆ. ಮಂದ್ರ ಸದ್ದು ಜೋರಾದಾಗ ತನಗಿಂತ ಮೇಲಿನ ಸ್ಥಾಯಿಯ ಸದ್ದುಗಳನ್ನೂ ಮುಚ್ಚಿಬಿಡುತ್ತದೆ. ಇನ್ನೊಂದು ದೋಣಿಯ ಹಾರ್ನು, ಎಂಜಿನ್ನಿನ ದನಿಯಲ್ಲಿ ಬಂದ ಬದಲಾವಣೆ, ನೀರಿಗೆ ಬಿದ್ದವನ ಕೂಗು ಆ ಮರೆಯಲ್ಲಿ ಹೋಗುತ್ತವೆ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಗಳ ಐದನೆಯ ನಿಯಮ, ಪ್ರತಿಯೊಂದು ನೌಕೆಯೂ ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದಲೂ ಕಿವಿಯಿಂದಲೂ ಸುತ್ತ ನಿಗಾ ಇಡಬೇಕೆಂದು ವಿಧಿಸುತ್ತದೆ. ಕಿವಿಯನ್ನು ಅಲ್ಲಿ ಹೆಸರಿಸಿ ಹೇಳಿದ್ದಾರೆ. ನೀರಿನ ಮೇಲೆ ಕೇಳಿಸಿಕೊಳ್ಳುವುದು ಇಷ್ಟಾನಿಷ್ಟದ ಮಾತಲ್ಲ, ಕರ್ತವ್ಯ.

ಬೇಸ್ ಇನ್ನೊಂದು ತೊಡಕನ್ನೂ ತರುತ್ತದೆ. ಮೂವತ್ತು ನಲವತ್ತು ಹರ್ಟ್ಸಿನಲ್ಲಿ ಜೋರಾದ ಸದ್ದು ಕಿವಿಗಷ್ಟೇ ಅಲ್ಲದೆ ಎದೆಗೂಡಿಗೆ, ಪಾದಕ್ಕೆ, ಕಂಬಿ ಹಿಡಿದ ಕೈಗೂ ತಿಳಿಯುತ್ತದೆ. ಆಕಾಶದ ಗುಣವಾದ ಶಬ್ದವನ್ನೂ ವಾಯುವಿನ ಗುಣವಾದ ಸ್ಪರ್ಶವನ್ನೂ ಬೇರೆಬೇರೆ ಇಟ್ಟ ವೈಶೇಷಿಕರ ಹಂಚಿಕೆ ಇಲ್ಲಿ ಸಡಿಲಗೊಳ್ಳುತ್ತದೆ. ಕೇಳುವುದನ್ನು ಬೇಡವೆನ್ನಬಹುದು, ಕಿವಿ ಮುಚ್ಚಿಕೊಳ್ಳಬಹುದು. ಮುಟ್ಟಿಸಿಕೊಳ್ಳುವುದನ್ನು ತಪ್ಪಿಸಿಕೊಳ್ಳುವುದು ಹೇಗೆ? ಬೇಸ್ ಕುರಿತ ನೆರೆಹೊರೆಯವರ ದೂರುಗಳಲ್ಲಿ ಕೇಳುತ್ತದೆ ಎನ್ನುವುದರ ಜೊತೆಗೆ ನಡುಗುತ್ತದೆ ಎಂಬ ಮಾತೂ ಬರುವುದು ಇದರಿಂದಲೇ.

ಕಾನೂನಿನ ಅಳತೆಗೋಲು ಈ ಭೇದವನ್ನು ಹಿಡಿಯುವುದಿಲ್ಲ. ಭಾರತದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಅವು ಮಿತಿ ಹಾಕಿವೆ. ಈ ಡೆಸಿಬೆಲ್ಲನ್ನು ಅಳೆಯುವುದು ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ‘ಎ’ ತೂಕದ ಮಾಪಕದಿಂದ. ಮೆಲುದನಿಯಲ್ಲಿ ಮನುಷ್ಯನ ಕಿವಿ ಮಂದ್ರಕ್ಕೆ ಮೊಂಡು ಎಂಬ ಕಾರಣಕ್ಕೆ ಆ ಮಾಪಕ 50 ಹರ್ಟ್ಸಿನ ಸದ್ದಿನಿಂದ ಸುಮಾರು 30 ಡೆಸಿಬೆಲ್ಲುಗಳನ್ನು ಕಳೆದುಬಿಡುತ್ತದೆ. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಇರುವ 50 ಹರ್ಟ್ಸಿನ ಸದ್ದು ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಆರಾರು ಡೆಸಿಬೆಲ್ ಇಳಿಯುತ್ತದೆ. 128 ಮೀಟರಿನಾಚೆ ಅದು 58. ನಿಶ್ಶಬ್ದವಾದ ರಾತ್ರಿಯಲ್ಲಿ ಇದು ಸ್ಪಷ್ಟವಾಗಿ ಕೇಳುತ್ತದೆ. ಮಾಪಕ ಮಾತ್ರ 28 ಎಂದು ತೋರಿಸಿ ಮಿತಿಯೊಳಗಿದೆ ಎನ್ನುತ್ತದೆ. ಮಾಪಕ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಕಲಿಸಿಕೊಟ್ಟದ್ದು ಕಿವಿಯ ಲೆಕ್ಕ, ಎದೆಯ ಲೆಕ್ಕವಲ್ಲ. ಖಾಸಗಿ ಧ್ವನಿಯಂತ್ರದ ಸದ್ದನ್ನು ಖಾಸಗಿ ಸ್ಥಳದ ಗಡಿಯಲ್ಲಿ ಅಳೆಯಬೇಕೆಂದೂ ನಿಯಮಗಳು ಹೇಳುತ್ತವೆ. ಮನೆಗೆ ಕಾಂಪೌಂಡು ಇದೆ. ಕೆರೆಯ ನಡುವೆ ಸಾಗುವ ದೋಣಿಗೆ ಅದರ ಅಂಚೇ ಗಡಿ, ಮತ್ತು ಆ ಗಡಿ ಗಳಿಗೆಗೊಂದು ಕಡೆ ಇರುತ್ತದೆ.

ದೋಣಿಯ ಬಯಲುತನವೇ ಸದ್ದನ್ನು ಹೆಚ್ಚಿಸಲು ಪ್ರೇರಿಸುತ್ತದೆ ಎಂಬುದು ಇನ್ನೂ ಗಂಭೀರ. ಗಾಜು ಮುಚ್ಚಿದ ಕಾರಿನಲ್ಲಿ ಬೇಸಿನ ಅಲೆ ಕಾರಿಗಿಂತ ಉದ್ದ. ಒತ್ತಡ ಹೊರಗೆ ಹೋಗಲಾರದೆ ಒಳಗೇ ಏರುತ್ತದೆ, ಸಣ್ಣ ಸ್ಪೀಕರೂ ದೊಡ್ಡದಾಗಿ ಕೇಳುತ್ತದೆ. ದೋಣಿಯಲ್ಲಿ ಆ ನೆರವಿಲ್ಲ. ಹೊರಟದ್ದು ಮರಳುವುದಿಲ್ಲ. ಕಾರಿನಲ್ಲಿ ಸಾಕಾಗಿದ್ದ ಪೆಟ್ಟಿಗೆ ದೋಣಿಯಲ್ಲಿ ಸಪ್ಪೆಯಾಗಿ ಕೇಳಿಸಿದಾಗ ಒಡೆಯ ಹೆಚ್ಚು ಬಲದ ಆಂಪ್ಲಿಫಯರ್ ತರುತ್ತಾನೆ. 10 ಡೆಸಿಬೆಲ್ ತುಂಬಿಕೊಳ್ಳಬೇಕಾದರೆ ವಿದ್ಯುತ್ತು ಹತ್ತು ಪಟ್ಟು ಬೇಕು, 200 ವ್ಯಾಟ್ ಇದ್ದದ್ದು 2000 ಆಗಬೇಕು. ತನಗೆ ಮರಳಿ ಬಾರದ ಸದ್ದಿನ ಕೊರತೆ ತುಂಬಲು ಅವನು ಸುರಿಯುವುದೆಲ್ಲ ಇತರರ ಪಾಲಿಗೆ ಹೋಗುತ್ತದೆ. ಗೋಡೆಯಿಲ್ಲದ ಕಡೆ ತನ್ನ ಸುತ್ತ ಸದ್ದಿನ ಕೋಣೆ ಕಟ್ಟಿಕೊಳ್ಳುವ ಈ ಆಸೆ ಯಾವ ವ್ಯಾಟಿಗೂ ತೃಪ್ತವಾಗದು. ಅದು ಬಯಲಿನ ಸ್ವಭಾವಕ್ಕೇ ವಿರುದ್ಧ.

ಸಂಜೆಯ ಹೊತ್ತು ಇನ್ನೂ ಸೂಕ್ಷ್ಮ. ಸೂರ್ಯ ಇಳಿದ ಮೇಲೆ ನೀರಿನ ಮೇಲಿನ ಗಾಳಿ ತಣ್ಣಗಾಗಿ ಅದರ ಮೇಲೆ ಬೆಚ್ಚನೆಯ ಗಾಳಿ ನಿಂತರೆ, ಮೇಲಕ್ಕೆ ಹೋದ ಸದ್ದು ಬಾಗಿ ಮತ್ತೆ ಕೆಳಗಿಳಿಯುತ್ತದೆ. ನೀರಿನ ನಯವಾದ ಮೈ ಅದನ್ನು ಹೀರುವುದಿಲ್ಲ. ಹಗಲಿನಲ್ಲಿ ಕೇಳದ ಆಚೆದಡದ ಮಾತು ಸಂಜೆ ಕೇಳುವುದು ಇದರಿಂದ. ಕೇರಳದ ವೇಂಬನಾಡಿನಲ್ಲಿ ಸಂಜೆಯಾದ ಮೇಲೆ ಹೌಸ್‌ಬೋಟುಗಳು ದಡಕ್ಕೆ ಕಟ್ಟಿಕೊಂಡು ನಿಲ್ಲುತ್ತವೆ, ಆ ನೀರು ಮೀನುಗಾರರ ಬಲೆಗಳಿಗೆ ಬಿಟ್ಟದ್ದು. ದುಡಿಯುವವರ ಹೊತ್ತು ಮತ್ತು ನಲಿಯುವವರ ಹೊತ್ತು ಒಂದಾಗುವುದು ಅಲ್ಲಿ, ಸದ್ದು ಅತ್ಯಂತ ದೂರ ಹೋಗುವ ಗಳಿಗೆಯಲ್ಲೇ.

ಬಲೆಯ ಮಾತು ಬಂದರೆ ಮೀನಿನ ಮಾತೂ ಬರಬೇಕು. ಗಾಳಿಯಿಂದ ನೀರಿಗೆ ಸದ್ದು ದಾಟುವುದು ಬಲು ಕಡಿಮೆ. ನೀರಿನ ಮೈಗೆ ಬಡಿದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟೇ ಒಳಹೋಗುತ್ತದೆ. ಆದರೆ ಪೆಟ್ಟಿಗೆಯನ್ನು ದೋಣಿಯ ಮೈಗೆ ನೇರವಾಗಿ ಬೋಲ್ಟು ಹಾಕಿ ಬಿಗಿದರೆ ಸದ್ದಿಗೆ ಗಾಳಿಯ ಹಂಗಿಲ್ಲ. ಹಲಗೆಯ ನಡುಕ ದೋಣಿಯ ಫೈಬರ್ ಮೈಗೆ, ಅಲ್ಲಿಂದ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್, ಗಾಳಿಗಿಂತ ನಾಲ್ಕು ಪಟ್ಟು. ಹೆಚ್ಚಿನ ಮೀನುಗಳು ಚೆನ್ನಾಗಿ ಕೇಳುವುದು ಸಾವಿರ ಹರ್ಟ್ಸಿನ ಕೆಳಗೆ, ಅಂದರೆ ಬೇಸ್ ಬೀಳುವ ಕಡೆಯೇ. ಕಟ್ಲಾ, ರೋಹುಗಳ ವಂಶದ ಮೀನುಗಳಲ್ಲಿ ಗಾಳಿಚೀಲದ ನಡುಕವನ್ನು ಒಳಗಿವಿಗೆ ಒಯ್ಯುವ ಸಣ್ಣ ಮೂಳೆಗಳ ಸರಪಳಿ ಇದೆ. ಒಳಗೆ ಗಾಳಿ ತುಂಬಿದ ಚೀಲವೊಂದು ಸದ್ದನ್ನು ಹಿಡಿಯುತ್ತದೆ ಎಂದರೆ ಮೀನಿನ ಮೈಯಲ್ಲೂ ಒಂದು ಪೆಟ್ಟಿಗೆ ಇದೆ ಎಂದಾಯಿತು. ಪೆಟ್ಟಿಗೆಯ ಕಾಲಡಿಗೆ ರಬ್ಬರ್ ಬುಷ್ ಇಡುವುದು ದೋಣಿಯ ಕಿರುಗುಟ್ಟುವಿಕೆ ತಡೆಯಲು ಎಂದು ಕೈಪಿಡಿಗಳು ಹೇಳುತ್ತವೆ. ನೀರಿನೊಳಗಿನ ಜೀವಕ್ಕೆ ಬೀಳುವ ಪೆಟ್ಟನ್ನೂ ಅದು ಕಡಿಮೆ ಮಾಡುತ್ತದೆ. ಜೈನರ ಲೆಕ್ಕದಲ್ಲಿ ಈ ಎರಡನೆಯದೇ ಮೊದಲು ಬರಬೇಕು.

ನೀರಿನ ಮೇಲೆ ಸದ್ದು ಮಾಡುವುದು ಧರ್ಮಕ್ಕೆ ಹೊರಗಿನದಲ್ಲ. ತಿರುಮಲೆಯ ಪುಷ್ಕರಿಣಿಯಲ್ಲಿ ಫಾಲ್ಗುಣದಲ್ಲಿ, ಮಧುರೆಯ ಮಾರಿಯಮ್ಮನ್ ತೆಪ್ಪಕುಳದಲ್ಲಿ ತೈಪೂಸದಂದು, ನಂಜನಗೂಡಿನಲ್ಲಿ ಕಪಿಲೆಯ ಮೇಲೆ ನಡೆಯುವ ತೆಪ್ಪೋತ್ಸವಗಳಲ್ಲಿ ದೇವರ ಜೊತೆ ಮಂಗಳವಾದ್ಯವೂ ಇರುತ್ತದೆ. ನಾದ ಅಲ್ಲಿ ಉಪಚಾರ, ದೀಪ ಧೂಪಗಳ ಸಾಲಿನದು. ದೋಣಿಯ ಸಬ್‌ವೂಫರಿಗೂ ಇದಕ್ಕೂ ಭೇದ ಸದ್ದಿನ ಜೋರಿನಲ್ಲಷ್ಟೇ ಇಲ್ಲ. ತೆಪ್ಪದ ಡೋಲು ನಾಗಸ್ವರ ಕೇಳುವವರು ಅದಕ್ಕೆಂದೇ ದಡಕ್ಕೆ ಬಂದವರು. ತಿಥಿ ಗೊತ್ತು, ಹೊತ್ತು ಗೊತ್ತು, ಮುಗಿಯುವ ಗಳಿಗೆಯೂ ಗೊತ್ತು. ದಡದವರು ಅದರಲ್ಲಿ ಪಾಲುದಾರರು. ಭಕ್ತಿ ಎಂಬುದು ಒಂದೇ ಸಮರ್ಥನೆ ಆಗದು ಎಂಬುದನ್ನು ಸುಪ್ರೀಂ ಕೋರ್ಟು 2000ದಲ್ಲಿ ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಜೆಸ್ಟಿಕ್ ಕಾಲೊನಿಯ ನಿವಾಸಿಗಳು ಎದುರುಪಕ್ಷವಾಗಿದ್ದ ಆ ತೀರ್ಪಿನ ಸಾರ, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ ಎಂಬುದು. ದೇವರನ್ನು ಉದ್ದೇಶಿಸಿದ ಶಬ್ದವೂ ಎಲ್ಲರ ಕಿವಿಗೆ ಬೀಳುತ್ತದೆ, ಏಕೆಂದರೆ ಶಬ್ದಕ್ಕೆ ವಿಳಾಸ ಬರೆಯಲು ಬಾರದು. ಪ್ರಾರ್ಥನೆಗೇ ಈ ಮಿತಿ ಇರುವಾಗ ವಿಹಾರಕ್ಕೆ ಹೆಚ್ಚಿನ ಸಲುಗೆ ಕೇಳುವುದಕ್ಕೆ ಆಧಾರವಿಲ್ಲ.

ಅಳವಡಿಕೆಯ ಕ್ರಮಗಳನ್ನು ಈಗ ನೋಡಬಹುದು. ಪೆಟ್ಟಿಗೆ ದೋಣಿಯ ನಡುಗೆರೆಗೆ ಹತ್ತಿರ, ಆದಷ್ಟು ಕೆಳಗೆ ಇದ್ದರೆ ತೂಕ ಒಂದು ಮಗ್ಗುಲಿಗೆ ವಾಲುವುದಿಲ್ಲ. ಆದರೆ ತಳದಲ್ಲಿ ನೀರು ಕೂಡುವ ಜಾಗದಲ್ಲಿ ಇಡಬಾರದು. ಅಲ್ಲಿನ ಪಂಪಿಗೂ ನೀರಿನ ದಾರಿಗೂ ಅಡ್ಡವಾಗಬಾರದು. ಜಾಗಕ್ಕಾಗಿ ದೋಣಿಯ ಉದ್ದ ತೊಲೆಗಳನ್ನು ಕೊರೆಯುವುದು, ತೇಲುವಿಕೆಗೆಂದು ತುಂಬಿದ ಫೋಮನ್ನು ತೆಗೆಯುವುದು ಎರಡೂ ಅಪಾಯ. ಸ್ಪೀಕರಿನ ಅಯಸ್ಕಾಂತ ಬಲವಾದದ್ದು, ದಿಕ್ಸೂಚಿ ಅದರಿಂದ ದೂರವಿರಬೇಕು. ಪೆಟ್ರೋಲ್ ಆವಿ ನಿಲ್ಲುವ ಎಂಜಿನ್ ಕೋಣೆಯಲ್ಲಿ ಆಂಪ್ಲಿಫಯರ್ ಇಡುವಂತಿಲ್ಲ, ಒಂದು ಕಿಡಿ ಸಾಕು. ತವರದ ಲೇಪವಿರುವ ತಾಮ್ರದ ವೈರು ಉಪ್ಪುಗಾಳಿಗೆ ತಡೆಯುತ್ತದೆ. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. 500 ವ್ಯಾಟಿನ ಆಂಪ್ಲಿಫಯರ್ ಪೂರ್ತಿ ದುಡಿದರೆ 12 ವೋಲ್ಟಿನ ಬ್ಯಾಟರಿಯಿಂದ 50 ಆಂಪಿಯರ್‌ನಷ್ಟು ಎಳೆಯುತ್ತದೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಇದಕ್ಕೆ ಬಳಸಿದರೆ ನಡುನೀರಿನಲ್ಲಿ ಎಂಜಿನ್ ಚಾಲೂ ಆಗದೆ ಉಳಿಯಬಹುದು. ಸಂಗೀತಕ್ಕೆ ಬೇರೆ ಬ್ಯಾಟರಿ ಬೇಕು, ಎರಡರ ನಡುವೆ ಐಸೊಲೇಟರ್ ಸ್ವಿಚ್ಚು ಬೇಕು.

ಕೊನೆಯ ಹೊಂದಾಣಿಕೆಯನ್ನು ದೋಣಿಯೊಳಗೆ ಕೂತು ಮಾಡುವುದು ರೂಢಿ. ಬೇಸ್ ಸಾಕೆನಿಸುವವರೆಗೆ ಆಂಪ್ಲಿಫಯರಿನ ಗೇನ್, ಅಂದರೆ ಅದು ಸದ್ದನ್ನು ಹಿಗ್ಗಿಸುವ ಪ್ರಮಾಣ, ಏರಿಸುತ್ತಾರೆ. ಮೇಲೆ ಹೇಳಿದ ಕಾರಣಗಳಿಂದ ಇದು ತಪ್ಪು ಜಾಗದ ಅಳತೆ. ಕೇಳುವ ಆಕಾಶ ದೋಣಿಯಲ್ಲಿ ಮುಗಿಯುವುದಿಲ್ಲವಾದ್ದರಿಂದ ಅಳೆಯುವ ಕಿವಿಯೂ ಅಲ್ಲಿ ಮುಗಿಯಬಾರದು. ಗಾಳಿ ನಿಂತ ಸಂಜೆಯೊಂದರಲ್ಲಿ ದೋಣಿಯನ್ನು ಎಂದಿನ ಜಾಗದಲ್ಲಿ ನಿಲ್ಲಿಸಿ, ಒಬ್ಬರು ದಡದಲ್ಲಿ ನಿಂತು ಕೇಳಬೇಕು. 80 ಹರ್ಟ್ಸಿಗಿಂತ ಮೇಲಿನದನ್ನು ಕತ್ತರಿಸುವ ಫಿಲ್ಟರ್ ಹಾಕಿ, ಸ್ಟೀರಿಯೋದ ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟು, ಆಂಪ್ಲಿಫಯರಿನ ಗೇನ್ ಅನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಹೋಗಬೇಕು. ದಡದವರು ಎದೆಗೆ ತಾಕಿತೆಂದು ಕೈ ಎತ್ತಿದ ಕಡೆಯಿಂದ ಹಿಂದಕ್ಕೆ ತಿರುಗಿಸಿ, ಅಲ್ಲಿಗೆ ತಾಕದೆ ಹೋಗುವ ಕಡೆ ನಿಲ್ಲಿಸಬೇಕು. ಆ ಜಾಗದಲ್ಲಿ ಗೇನಿನ ತಿರುಪಿಗೆ ಒಂದು ಗುರುತು ಮಾಡಿ, ಆಂಪ್ಲಿಫಯರನ್ನು ನೀರು ತಾಗದ ಡಬ್ಬಿಯಲ್ಲಿ ಕೂರಿಸಿ ಮುಚ್ಚಳಕ್ಕೆ ಸ್ಕ್ರೂ ಬಿಗಿದರೆ ಅಳವಡಿಕೆ ಮುಗಿಯಿತು.